ಯಾರ ಕೈ

ನನ್ನ ಕಾಲು ಒಂದು ಕಡೆ ನಿಲ್ಲುವುದಿಲ್ಲ ಅಂತ ಅವ್ವ ಮೊದಲಿಂದಲೂ ಬೈಯುತ್ತಾ ಬಂದಿದ್ದಾಳೆ. ಅದಕ್ಕೇ ಇರಬೇಕು, ಕಂಡಕ್ಟರ್ ಕೆಲಸ ನನಗೆ ಒಗ್ಗಿದ್ದು. ಹೊಸದುರ್ಗದಿಂದ ಹೊಳಲ್ಕೆರೆ ಮೇಲೆ ಚಿತ್ರದುರ್ಗ, ಅಲ್ಲಿಂದ ವಾಪಸ್ಸು, ಮತ್ತೆ ಚಿತ್ರದುರ್ಗ. ಹೆಂಗಸರಿಗೆ ಟಿಕೆಟ್ ಫ್ರೀ ಆದಮೇಲಂತೂ ನನ್ನ ಬಾಯಲ್ಲಿ ದಿನವಿಡೀ ಒಂದೇ ಮಾತು: ಆಧಾರ್ ತೋರಿಸ್ರಿ. ಸ್ವಂತ ಚಿಕ್ಕಮ್ಮ ಹತ್ತಿದಾಗಲೂ ಕೇಳಿದೆ. "ನಿನ್ನ ಎತ್ತಿ ಆಡಿಸಿದೋಳು ಕಣೆ ನಾನು, ನನ್ ಗುರುತು ಇಲ್ವೇನೆ ನಿಂಗೆ?" ಅಂದಳು. "ಗುರುತು ಐತೆ ಚಿಕ್ಕಮ್ಮ, ಆಧಾರ್ ತೋರ್ಸು" ಅಂದೆ. ಆಮೇಲೆ ಬಂದ ಹಬ್ಬಕ್ಕೆ ಅವಳು ನನ್ನನ್ನು ಕರೆಯಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ನನ್ನ ತಮ್ಮ ದುರ್ಗೇಶ್ ಹೊಸದುರ್ಗದಲ್ಲಿ ನನ್ನ ಬಸ್ಸು ಹತ್ತಿದ. ಅವನು ಬಸ್ಸು ಹತ್ತುವವನೇ ಅಲ್ಲ. ಸ್ವಂತ ಗೂಡ್ಸ್ ಗಾಡಿ ಇದೆ, ಸುತ್ತಲಿನ ಸಂತೆಗಳಿಗೆ ಕುರಿ ಸಾಗಿಸುತ್ತಾನೆ. ಹತ್ತಿದವನು ಹಿಂದಿನ ಸೀಟಿನ ಮೂಲೆಗೆ ಹೋಗಿ, ಎಂದಿನಂತೆ ಭುಜ ಮುಂದಕ್ಕೆ ಬಗ್ಗಿಸಿ, ಎದೆಯ ಮೇಲೆ ಕೈಕಟ್ಟಿ ಕುಳಿತ. ಹೊಳಲ್ಕೆರೆಯಲ್ಲಿ ಜನ ಇಳಿದು ಬಸ್ಸು ಖಾಲಿಯಾದಾಗ ಪಕ್ಕಕ್ಕೆ ಹೋಗಿ ಕುಳಿತೆ.

"ಅಕ್ಕ, ದೊಡ್ಡಪ್ಪ ಕರೆದು ಹೇಳಿದ್ರು. ಬಸವ ಜಯಂತಿ ಆದ್ಮೇಲೆ ಸೋಮವಾರ ಪಟ್ಟ ಕಟ್ತಾರಂತೆ ನಂಗೆ."

ನಮ್ಮ ಹಟ್ಟಿ ಇರುವುದು ಮಾಡದಕೆರೆ ಕಡೆ. ಕುರಿಯೇ ನಮ್ಮ ಆಸ್ತಿ. ಹಟ್ಟಿದೇವರ ಪೂಜೆ ನಮ್ಮ ಮನೆತನದ್ದು. ಅಪ್ಪ ತೀರಿಹೋಗಿ ಬಹಳ ಕಾಲವಾಯಿತು. ಪೂಜೆ ಮಾಡಿಕೊಂಡು ಬಂದವನು ಅಪ್ಪನ ಅಣ್ಣ, ನಮ್ಮ ಕಾಟಯ್ಯ ದೊಡ್ಡಪ್ಪ. ಅವನಿಗೆ ಗಂಡುಮಕ್ಕಳಿಲ್ಲ. ಸಕ್ಕರೆ ಕಾಯಿಲೆ ಅವನ ಕಣ್ಣು ತಿಂದುಬಿಟ್ಟಿತ್ತು, ದೀಪ ಹಚ್ಚಲು ಹೋಗಿ ಬೆರಳು ಸುಟ್ಟುಕೊಳ್ಳುತ್ತಿದ್ದ. ಮುಂದಿನ ಪೂಜಾರಿ ದುರ್ಗೇಶನೇ ಅಂತ ಎಲ್ಲರೂ ತೀರ್ಮಾನ ಮಾಡಿದ್ದರು. ಕುರಿ ಕೇಳಿ ಮಸಾಲೆ ಅರೆಯುತ್ತಾರೆಯೇ? ಆದರೆ ಕೇಳಿದ್ದರೂ ಅವನು ಬೇಡ ಅನ್ನುತ್ತಿರಲಿಲ್ಲ. ಚಿಕ್ಕಂದಿನಿಂದ ದೊಡ್ಡಪ್ಪನ ಹಿಂದೆಯೇ ತಿರುಗಿದವನು, ದೇವರ ಹಾಡೆಲ್ಲ ಬಾಯಿಪಾಠ. ಆ ಕೆಲಸ ಅವನಿಗೆ ಬೇಕಿತ್ತು. ಬೇಡವಾಗಿದ್ದದ್ದು ಒಂದೇ, ಅಂಗಿ ಬಿಚ್ಚುವುದು.

ಮೀಸೆ ಮೂಡುವ ವಯಸ್ಸಿನಲ್ಲಿ ಅವನ ಎದೆ ಹೆಣ್ಣುಮಕ್ಕಳ ಎದೆಯ ಹಾಗೆ ಉಬ್ಬಿತು. ಕೆಲವು ಹುಡುಗರಿಗೆ ಹಾಗಾಗುತ್ತದೆ, ಇಳಿಯುತ್ತದೆ. ಇವನಿಗೆ ಇಳಿಯಲಿಲ್ಲ. ಶಾಲೆಯಲ್ಲಿ ಹುಡುಗರು ದುರ್ಗಮ್ಮ ಅಂತ ಕರೆಯುತ್ತಿದ್ದರು. ಶಾಲೆ ಬಿಟ್ಟ. ಬಾವಿಗೆ ಈಜಲು ಹೋಗುವುದನ್ನು ಬಿಟ್ಟ. ಬೇಸಿಗೆಯ ಕೆಂಡದಂಥ ಬಿಸಿಲಿನಲ್ಲೂ ಅಂಗಿಯ ಒಳಗೆ ಎರಡು ಬನಿಯನ್ ಹಾಕುತ್ತಿದ್ದ. ಮನೆಯಲ್ಲಿ ಅವ್ವನೂ ಸೇರಿ ಯಾರೂ ಅದರ ಬಗ್ಗೆ ಒಂದು ಮಾತು ಆಡಿದ್ದಿಲ್ಲ. ಅವನಿಗೆ ನಾಚಿಕೆ ಅಂತ ನಾವು ಸುಮ್ಮನಿದ್ದೆವು, ನಾವು ಸುಮ್ಮನಿದ್ದದ್ದರಿಂದ ಅವನ ನಾಚಿಕೆ ಬೆಳೆಯಿತು.

ಪಟ್ಟದ ದಿನ ನಮ್ಮಲ್ಲಿ ಮೈ ನೋಡುವುದು ಅಂತ ಒಂದು ಪದ್ಧತಿ ಇದೆ. ಹೊಸ ಪೂಜಾರಿ ಮಿಂದು, ಸೊಂಟಕ್ಕೆ ಒದ್ದೆ ಪಂಚೆ ಮಾತ್ರ ಸುತ್ತಿ, ಹಟ್ಟಿಯವರೆಲ್ಲರ ಮುಂದೆ ಕಂಬಳಿಯ ಮೇಲೆ ನಿಲ್ಲಬೇಕು. ಹಳೆಯ ಪೂಜಾರಿ ತಲೆಯಿಂದ ಕಾಲಿನವರೆಗೆ ಕೈಯಾಡಿಸಿ "ಮೈ ಸೈ" ಅಂದ ಮೇಲೆಯೇ ಹೆಗಲಿಗೆ ದೇವರ ಕಂಬಳಿ ಬೀಳುವುದು. ಮೈಯಲ್ಲಿ ಊನ ಇರಬಾರದು. ನಮ್ಮ ತಾತನ ಕಾಲದಲ್ಲಿ ಚಿಕ್ಕತಿಮ್ಮಪ್ಪ ಅನ್ನುವವನನ್ನು ಭುಜದ ಮೇಲೆ ಗಾಯದ ಕಲೆ ಇದೆ ಅಂತ ಕಂಬಳಿಯಿಂದ ಇಳಿಸಿ ಕಳಿಸಿದ್ದರಂತೆ. ಆ ಕಥೆ ಹಟ್ಟಿಯ ಕೂಸಿಗೂ ಗೊತ್ತು.

"ಆಪ್ರೇಷನ್ ಮಾಡಿಸ್ಕಂತೀನಿ" ಅಂದ ದುರ್ಗೇಶ್. ಮೊಬೈಲ್ ತೆಗೆದು ಒಂದು ಜಾಹೀರಾತು ತೋರಿಸಿದ. ಚಿತ್ರದುರ್ಗದ ಒಂದು ಕ್ಲಿನಿಕ್ಕು. ಗಂಡಸರ ಎದೆಯ ಸಮಸ್ಯೆಗೆ ಶಾಶ್ವತ ಪರಿಹಾರ. ಹೊಲಿಗೆ ಇಲ್ಲ, ಗುರುತು ಇಲ್ಲ, ಸಂಜೆಗೆ ಮನೆಗೆ. "ಗುರುತು ಇಲ್ಲ" ಅನ್ನುವ ಕಡೆ ಅವನ ಬೆರಳು ನಿಂತಿತ್ತು.

ವಾರದ ರಜೆಯ ದಿನ ಇಬ್ಬರೂ ಹೋದೆವು. ಗಾಜಿನ ಬಾಗಿಲು, ಒಳಗೆ ಏಸಿ, ಕುಡಿಯಲು ತಣ್ಣಗೆ ಜ್ಯೂಸು. ಗೋಡೆಯ ತುಂಬ ತಲೆ ಇಲ್ಲದ ಗಂಡಸರ ಎದೆಯ ಫೋಟೋಗಳು, ಮೊದಲು ಹೀಗೆ, ಆಮೇಲೆ ಹೀಗೆ. ಡಾಕ್ಟರು ಚೆನ್ನಾಗಿ ನಗುವ ಮನುಷ್ಯ. ದುರ್ಗೇಶ್ ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿದ್ದ ಫೋಟೋ ನೋಡಿ, "ಇದೇನು ದೊಡ್ಡ ವಿಷಯ ಅಲ್ಲಪ್ಪ. ಸೂಜಿ ಹಾಕಿ ಕೊಬ್ಬು ಎಳೆದುಬಿಡ್ತೀವಿ. ಯಾರಿಗೂ ಗೊತ್ತಾಗಲ್ಲ" ಅಂದರು. ಅಂಗಿ ಬಿಚ್ಚು ಅನ್ನಲಿಲ್ಲ. ಹತ್ತಿರ ಬಂದು ಮುಟ್ಟಿಯೂ ನೋಡಲಿಲ್ಲ.

ಹೊರಗೆ ಬಂದ ತಮ್ಮನ ಮುಖದಲ್ಲಿ ಅಂಥ ಬೆಳಕನ್ನು ನಾನು ಬಹಳ ವರ್ಷಗಳಿಂದ ಕಂಡಿರಲಿಲ್ಲ. "ನೋಡ್ದೇನಕ್ಕ, ಅಂಗಿ ಬಿಚ್ಚು ಅನ್ಲೇ ಇಲ್ಲ" ಅಂದ. ಅವನಿಗೆ ಆ ಡಾಕ್ಟರು ಹಿಡಿಸಿದ್ದೇ ಅದಕ್ಕೆ. ನನಗೆ ಅನುಮಾನ ಬಂದದ್ದೂ ಅದಕ್ಕೇ.

ಮಾರನೇ ದಿನ ಹೊಳಲ್ಕೆರೆ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಒಬ್ಬ ಹುಡುಗಿ ಎತ್ತಿದಳು. ನಿಮ್ಮ ಸಾರ್ ಏನು ಓದಿದ್ದಾರಮ್ಮ ಅಂತ ಕೇಳಿದೆ. "ಸರ್ ಕಾಸ್ಮೆಟಿಕ್ ಸ್ಪೆಷಲಿಸ್ಟ್ ಮೇಡಂ" ಅಂದಳು. ಅದು ಸರಿ, ಓದಿದ್ದು? "ತುಂಬಾ ಕೋರ್ಸ್ ಮಾಡಿದ್ದಾರೆ ಮೇಡಂ." ಯಾವ ಕೋರ್ಸು? ಅವಳದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ನಾನು ಬಿಡುವವಳಲ್ಲ, ಪಾಸ್ ಇದೆ ಅನ್ನುವವರನ್ನೆಲ್ಲ ನಂಬಿದ್ದರೆ ನನ್ನ ಕೆಲಸ ಯಾವತ್ತೋ ಹೋಗಿರುತ್ತಿತ್ತು. ಕೊನೆಗೆ ಅವಳೇ ಬೇಸತ್ತು, "ಸರ್ ಮೂಲತಃ ಡೆಂಟಿಸ್ಟ್ ಮೇಡಂ, ಆಮೇಲೆ ಇದನ್ನೆಲ್ಲ ಕಲ್ತಿದ್ದಾರೆ" ಅಂದಳು.

ಹಲ್ಲಿನ ಡಾಕ್ಟರು. ನನ್ನ ಕೈಯಲ್ಲಿದ್ದ ಟಿಕೆಟ್ ಮಿಷನ್ನು ಎಲ್ಲಿಗೋ ಎಸೆಯಬೇಕು ಅನ್ನಿಸಿತು. ಹಲ್ಲು ಕೀಳಿಸಲು ನಾನೂ ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತೇನೆ. ಎದೆ ಕೊಯ್ಯಲು ಯಾರು ಹೋಗುತ್ತಾರೆ?

ನನ್ನ ಡ್ರೈವರ್ ಪಾಲಣ್ಣ, ವಯಸ್ಸಾದ ಮನುಷ್ಯ, ಕನ್ನಡಿಯಲ್ಲಿ ನನ್ನ ಮುಖ ನೋಡುತ್ತಲೇ ಇದ್ದ. "ಏನಮ್ಮ ಸುಚಿತ್ರಾ, ಬಾಲ ಸುಟ್ಟ ಬೆಕ್ಕಿನಂಗೆ ಓಡಾಡ್ತಿದೀಯ?" ಅಂದ. ಯಾರ ವಿಷಯ ಅಂತ ಹೇಳದೆ, ನಮ್ಮ ಕಡೆಯ ಒಬ್ಬ ಹುಡುಗನಿಗೆ ಅಂತ ಹೇಳಿ ಕೇಳಿದೆ. ಪಾಲಣ್ಣ ಗೇರ್ ಹಾಕುತ್ತಾ, "ನಮ್ಮನೆಯವ್ಳು ಬಾಣಲೆ ಎಣ್ಣೆ ಬಿದ್ದು ಕತ್ತು ಸುಟ್ಕಂಡಿದ್ಲಲ್ಲ, ಕತ್ತು ತಿರುಗ್ಸಾಕೇ ಆಗ್ತಿರ್ಲಿಲ್ಲ, ಅದನ್ನ ಸರಿ ಮಾಡಿದ್ದು ಚೈತ್ರಾ ಅಂತ ಡಾಕ್ಟ್ರಮ್ಮ. ಪ್ಲಾಸ್ಟಿಕ್ ಸರ್ಜರಿ ಓದಿರೋರು. ಚಿತ್ರದುರ್ಗದ ಆಸ್ಪತ್ರೆಗೆ ವಾರದಾಗೆ ಎರಡು ದಿನ ಬರ್ತಾರೆ. ಕೇಳಿ ನೋಡು" ಅಂದ.

ಇದನ್ನು ದುರ್ಗೇಶನಿಗೆ ಹೇಳಿದರೆ ಅವನು ನನ್ನ ಮೇಲೆಯೇ ತಿರುಗಿಬಿದ್ದ. "ಅವರು ಸುಟ್ಟೋರಿಗೆ ಮಾಡೋ ಡಾಕ್ಟ್ರು. ನಂಗೇನು ಸುಟ್ಟೈತಾ? ಅದ್ರಾಗೂ ಹೆಂಗಸು." ಎತ್ತು ಏರಿಗೆ, ಕೋಣ ನೀರಿಗೆ. ಹೇಗೋ ಮಾಡಿ, ಬೈದು, ಅತ್ತು, ಅವನನ್ನು ಕರೆದುಕೊಂಡು ಹೋದೆ.

ಅಲ್ಲಿ ಏಸಿ ಇರಲಿಲ್ಲ, ಜ್ಯೂಸೂ ಇರಲಿಲ್ಲ. ಬೆಂಚಿನ ಮೇಲೆ ಕೈಗೆ ಪಟ್ಟಿ ಸುತ್ತಿದವರು, ಸೀಳುತುಟಿಯ ಒಂದು ಕೂಸು, ಅದರ ತಾಯಿ. ನಮ್ಮ ಸರದಿ ಬರುವಷ್ಟರಲ್ಲಿ ದುರ್ಗೇಶ್ ಮೂರು ಸಲ ಹೊರಗೆ ಹೋಗಿ ಬಂದಿದ್ದ. ಡಾಕ್ಟರ್ ಚೈತ್ರಾ ನನಗಿಂತ ಸ್ವಲ್ಪ ದೊಡ್ಡವರು ಇರಬಹುದು. ಹಿರಿಯೂರು ಕಡೆಯವರು ಅಂತ ಮಾತಿನಲ್ಲೇ ಗೊತ್ತಾಯಿತು.

"ಕುಂತ್ಕಳ್ರಿ. ಯಾವಾಗಿಂದ ಐತೆ? ನೋವು ಐತಾ? ಜಿಮ್ಮಿನ ಪುಡಿ, ಮಾತ್ರೆ ಏನಾದ್ರೂ ತಗಂತಿದ್ರಾ?" ಅಂತ ಕೇಳುತ್ತಾ ಹೋದರು. ದುರ್ಗೇಶ್ ನೆಲ ನೋಡಿಕೊಂಡು ಇಲ್ಲ, ಇಲ್ಲ ಅನ್ನುತ್ತಿದ್ದ. ಆಮೇಲೆ ಅವರು, "ಆ ಪರದೆ ಹಿಂದೆ ಹೋಗಿ ಅಂಗಿ ಬಿಚ್ರಿ, ನೋಡ್ತೀನಿ" ಅಂದರು.

ಇವನು ಏಳಲಿಲ್ಲ.

"ಬೇಕಾದ್ರೆ ಗಂಡಸರು ಡಾಕ್ಟ್ರು ಒಬ್ಬರನ್ನ ಜೊತೆಗೆ ಕರೀತೀನಿ. ಆದ್ರೆ ನೋಡ್ದೆ ನಾನು ಏನೂ ಹೇಳಕ್ಕಾಗಲ್ಲ. ಬರೀ ಕೊಬ್ಬಾದ್ರೆ ಒಂದು ರೀತಿ, ಒಳಗೆ ಗಂಟು ಇದ್ರೆ ಇನ್ನೊಂದು ರೀತಿ. ಮೊದಲು ರಕ್ತ ಪರೀಕ್ಷೆ ಆಗ್ಬೇಕು, ಯಾಕೆ ಆಗೈತೆ ಅಂತ ಗೊತ್ತಾಗ್ಬೇಕು."

"ಗುರುತು ಉಳೀತೈತಾ?" ಅಂತ ದುರ್ಗೇಶ್ ಕೇಳಿದ. ಅವತ್ತು ಅವನು ಕೇಳಿದ ಪ್ರಶ್ನೆ ಅದೊಂದೇ.

"ಉಳೀತೈತೆ. ತೊಟ್ಟಿನ ಸುತ್ತ ಕಪ್ಪು ಜಾಗದ ಅಂಚಿನಾಗೆ ಕೊಯ್ತೀವಿ, ಹೋಗ್ತಾ ಹೋಗ್ತಾ ಮಾಸ್ತದೆ. ಹತ್ತಿರದಿಂದ ನೋಡಿದ್ರೆ ಕಾಣ್ತದೆ, ಮುಟ್ಟಿದ್ರೆ ಗೊತ್ತಾಗ್ತದೆ. ಗುರುತೇ ಇರಲ್ಲ ಅಂತ ನಾನು ಸುಳ್ಳು ಹೇಳಲ್ಲ."

ದುರ್ಗೇಶ್ ಎದ್ದು ಹೊರಟೇಬಿಟ್ಟ. ನಾನು ಅವರ ಮುಂದೆ ತಲೆ ತಗ್ಗಿಸಿ ನಿಂತೆ. "ಅವಸರ ಏನಿಲ್ಲಮ್ಮ, ಇದು ಮಾಡಿಸ್ಲೇಬೇಕಾದ ಆಪ್ರೇಷನ್ ಅಲ್ಲ" ಅಂದರು ಅವರು. "ಅವರಿಗೆ ಬೇಕು ಅನ್ನಿಸಿದ್ರೆ ಬರ್ಲಿ. ನನ್ನ ಹತ್ರಾನೇ ಅಂತಲ್ಲ. ಎಲ್ಲಿಗೆ ಹೋದ್ರೂ ಮೂರು ಮಾತು ಕೇಳ್ಲಿ: ಪ್ಲಾಸ್ಟಿಕ್ ಸರ್ಜರಿ ಓದಿದ್ದೀರಾ, ಅರಿವಳಿಕೆ ಕೊಡೋ ಡಾಕ್ಟ್ರು ಯಾರು, ನಡುವೆ ಏನಾದ್ರೂ ಆದ್ರೆ ಮುಂದೇನು ಅಂತ."

ಸಂಕೋಚ ಬಿಟ್ಟು ಅವರನ್ನೇ ಕೇಳಿದೆ, ನೀವು ಓದಿದ್ದೀರಾ ಅಂತ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಎಂ.ಬಿ.ಬಿ.ಎಸ್., ಆಮೇಲೆ ಸರ್ಜರಿ, ಅದರ ಮೇಲೆ ಪ್ಲಾಸ್ಟಿಕ್ ಸರ್ಜರಿ ಅಂದರು. ಮೆಡಿಕಲ್ ಕೌನ್ಸಿಲಿನಲ್ಲಿ ನನ್ನ ಹೆಸರು ಇದೆ, ಮೊಬೈಲಿನಲ್ಲೇ ನೋಡಬಹುದು ಅಂತ ನಂಬರು ಹೇಳಿದರು. ಅಲ್ಲೇ ನಿಂತು ನೋಡಿದೆ. ಇತ್ತು. ಆಧಾರ್ ಕೇಳಿದರೆ ಮುಖ ಊದಿಸುವ ಜನರ ನಡುವೆ ಬದುಕುವವಳು ನಾನು. ಕೇಳಿದ ತಕ್ಷಣ ತೋರಿಸಿದವರನ್ನು ಕಂಡು ಕಣ್ಣು ತುಂಬಿಬಂತು.

ಹೊರಗೆ ದುರ್ಗೇಶ್ ಬೇವಿನ ಮರದ ಕೆಳಗೆ ನಿಂತಿದ್ದ. ನನಗೆ ಸಿಟ್ಟು ನೆತ್ತಿಗೇರಿತ್ತು.

"ಲೇ, ಸಂತೇಲಿ ಬೆನ್ನು ಮುಟ್ಟದೆ ಒಂದು ಕುರಿನಾದ್ರೂ ಕೊಂಡಿದೀಯೇನೋ? ಆ ಕ್ಲಿನಿಕ್ಕಿನೋನು ನಿನ್ನ ಮುಟ್ಟಿ ನೋಡಿದ್ನಾ?"

"ನಾನು ಕುರಿ ಅಲ್ಲಕ್ಕ."

"ಅವನು ಹಲ್ಲಿನ ಡಾಕ್ಟ್ರು ಕಣೋ."

"ಯಾರಾದ್ರೇನು? ಗುರುತು ಇಲ್ದಂಗೆ ಮಾಡ್ತಾನಲ್ಲ. ಈಯಮ್ಮ ಕೊಯ್ದು ಗುರುತು ಬಿಟ್ರೆ ಚಿಕ್ಕತಿಮ್ಮಪ್ಪಂಗೆ ಆದಂಗೆ ಆಗ್ತದೆ. ಕೊಯ್ಸದೆ ನಿಂತ್ರೆ ದುರ್ಗಮ್ಮ ಅಂತಾರೆ. ಯಾವುದು ಬೇಕು ಹೇಳು."

ಆ ಹೆಸರನ್ನು ಅವನ ಬಾಯಿಂದಲೇ ನಾನು ಕೇಳಿದ್ದು ಅದೇ ಮೊದಲು. ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ಆಮೇಲಿನ ದಿನಗಳು ಹೇಗೆ ಹೋದವೋ. ಒಬ್ಬರಿಗೆ ಕೊಡಬೇಕಾದ ಚಿಲ್ಲರೆ ಇನ್ನೊಬ್ಬರಿಗೆ ಕೊಟ್ಟೆ. ಸ್ಟಾಪ್ ಬಂದರೂ ಸೀಟಿ ಊದಲಿಲ್ಲ. ಒಂದು ಬೆಳಿಗ್ಗೆ ಹೊಸದುರ್ಗ ಬಿಡುವಾಗ ಅವ್ವ ಫೋನ್ ಮಾಡಿ, "ದುರ್ಗೇಶಿ ಎಲ್ಲೇ? ಕೋಳಿ ಕೂಗೋ ಹೊತ್ತಿಗೆ ಎದ್ದು ದುರ್ಗಕ್ಕೆ ಹೋಗ್ತೀನಿ ಅಂದೋನು ಕಾಫಿನೂ ಕುಡೀಲಿಲ್ಲ" ಅಂದಳು.

ಹಸಿದ ಹೊಟ್ಟೆಯಲ್ಲಿ ಬಾ ಅಂತ ಆಪರೇಷನ್ನಿಗೇ ಹೇಳುವುದು. ಅವನ ಮೊಬೈಲ್ ಸ್ವಿಚ್ ಆಫ್. ಕ್ಲಿನಿಕ್ಕಿನ ಫೋನು ಯಾರೂ ಎತ್ತಲಿಲ್ಲ. ಬಸ್ಸಿನ ತುಂಬ ಜನ, ಪ್ರತಿ ಹಳ್ಳಿಯಲ್ಲೂ ಕೈ ಅಡ್ಡ ಹಾಕುವವರು, ಗಂಟುಮೂಟೆ ಹತ್ತಿಸುವವರು. ನಾನು ಮುಂದಿನ ಬಾಗಿಲಿಂದ ಹಿಂದಿನ ಬಾಗಿಲಿಗೆ, ಹಿಂದಿನ ಬಾಗಿಲಿಂದ ಮುಂದಿನ ಬಾಗಿಲಿಗೆ ಸುಮ್ಮನೆ ನಡೆಯುತ್ತಿದ್ದೆ. ಒಬ್ಬ ಅಜ್ಜಿ ಆಧಾರ್ ಹಿಡಿದು ಕೈ ಚಾಚಿಕೊಂಡೇ ಇದ್ದಳು, ನಾನು ನೋಡಲೇ ಇಲ್ಲ. "ಜಲ್ದಿ ಹೋಗಾಣ ಪಾಲಣ್ಣ" ಅಂದೆ. "ಇದು ಬಸ್ಸು ಕಣಮ್ಮ, ಗಾಳಿಪಟ ಅಲ್ಲ" ಅಂದವನು ನನ್ನ ಮುಖ ನೋಡಿದ. ಹೊಳಲ್ಕೆರೆ ದಾಟಿದ ಮೇಲೆ ಅವನ ಕಾಲು ಆಕ್ಸಿಲರೇಟರಿನಿಂದ ಏಳಲಿಲ್ಲ.

ಚಿತ್ರದುರ್ಗದ ಬಸ್ ಸ್ಟ್ಯಾಂಡಿಗೆ ತಿರುಗುವಾಗ, ಗೇಟಿನ ಪಕ್ಕದ ಟೀ ಅಂಗಡಿಯ ಮುಂದೆ ದುರ್ಗೇಶ್ ನಿಂತಿರುವುದು ಕಾಣಿಸಿತು. ಬಸ್ಸು ನಿಲ್ಲುವ ಮೊದಲೇ ಹಾರಿದೆ. ಪ್ರಯಾಣಿಕರು ಹಾಗೆ ಇಳಿದರೆ ನಾನು ಜನ್ಮ ಜಾಲಾಡುತ್ತೇನೆ.

ಅವನ ಅಂಗಿಯ ಗುಂಡಿ ಮೇಲೆ ಕೆಳಗಾಗಿತ್ತು. ಮುಟ್ಟಿ ನೋಡಿದೆ, ನೆಟ್ಟಗಿದ್ದ.

"ಮಲಗಿದ್ದೆ ಅಕ್ಕ" ಅಂದ. "ಒಳಗೆ ಒಂದು ಸಣ್ಣ ರೂಮು, ಹಲ್ಲು ನೋಡ್ತಾರಲ್ಲ ಅಂಥ ಕುರ್ಚಿನೇ ಹಿಂದಕ್ಕೆ ಬಗ್ಗಿಸಿದ್ರು. ಮುಖಕ್ಕೆ ಮಾಸ್ಕ್ ಹಾಕ್ಕಂಡು ಯಾರೋ ಬಂದ. ಸಾರ್ ಎಲ್ಲಿ ಅಂದೆ. ಸಾರ್ ಹೊರಗೆ ಇರ್ತಾರೆ, ಮಾಡೋನು ನಾನು ಅಂದ. ನಿಮ್ಮ ಹೆಸರೇನು ಸಾರ್ ಅಂದೆ. ಅದೆಲ್ಲ ನಿಂಗ್ಯಾಕೆ, ಕಣ್ಣು ಮುಚ್ಕಂಡು ಮಲ್ಕ ಅಂದ. ಸೂಜಿ ಎತ್ಕಂಡಿದ್ದ."

"ಆಮೇಲೆ?"

"ಅಲ್ಲಕ್ಕ, ಮರಿ ಕಿವಿ ಕೊಯ್ಯಾಕೂ ನಾವು ಕೈ ನೋಡ್ತೀವಿ. ಹೆಸರು ಹೇಳ್ದೇ ಇರೋನ ಕೈಯಾಗೆ ಕತ್ತಿ ಕೊಡ್ತೀವಾ? ಎದ್ದು ಬಂದೆ."

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಮರಿ ಸ್ವಲ್ಪ ಬಲಿತ ಮೇಲೆ ಅದರ ಕಿವಿಯ ಅಂಚನ್ನು ಒಂದಿಷ್ಟು ಕೊಯ್ದು ಗುರುತು ಮಾಡುತ್ತೇವೆ. ಒಂದೊಂದು ಮನೆಗೆ ಒಂದೊಂದು ಬಗೆಯ ಕೊಯ್ತ; ಮಂದೆ ಬೆರೆತರೂ ಯಾರ ಕುರಿ ಅಂತ ತಿಳಿಯುತ್ತದೆ. ಆ ಕೆಲಸಕ್ಕೆ ಹಟ್ಟಿಯಲ್ಲಿ ಒಬ್ಬನೇ ಇರುತ್ತಾನೆ, ಕೈಗುಣ ಚೆನ್ನಾಗಿರುವವನು. ಮೊದಲು ಕಾಟಯ್ಯ ದೊಡ್ಡಪ್ಪ, ಈಗ ದುರ್ಗೇಶ್. ಕೈ ಕೆಟ್ಟದ್ದಾದರೆ ಗಾಯ ಕೀವಾಗಿ ಮರಿ ಸಾಯುತ್ತದೆ. ಎಷ್ಟೋ ಮರಿಗಳ ಕಿವಿ ಹಿಡಿದ ಆ ಹುಡುಗನಿಗೆ ತನ್ನ ಸರದಿ ಬಂದಾಗ ಅದು ನೆನಪಾಯಿತಲ್ಲ, ಅಷ್ಟು ಸಾಕಾಗಿತ್ತು ನನಗೆ. ಅಲ್ಲೇ ಟೀ ಅಂಗಡಿಯ ಮುಂದೆ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟೆ, ಆಮೇಲೆ ಬನ್ನು ಕೊಡಿಸಿದೆ.

ಬನ್ನು ತಿಂದು ಮುಗಿಸಿದವನು, "ಆ ಡಾಕ್ಟ್ರಮ್ಮ ಇವತ್ತು ಬಂದಿರ್ತಾರಾ?" ಅಂದ.

"ಗುರುತು ಉಳೀತೈತೆ ಅಂದಿದ್ರಲ್ಲ ಕಣೋ."

"ಉಳೀಲಿ. ಹೇಳಿದ್ರಲ್ಲ ಅವ್ರು. ಇವ್ರು ಹೆಸರೂ ಹೇಳ್ಲಿಲ್ಲ."

ಅವರು ಬರುವ ದಿನ ರಜೆ ಹಾಕಿ ಕರೆದುಕೊಂಡು ಹೋದೆ, ಈ ಸಲ ಅವನು ಪರದೆಯ ಹಿಂದೆ ಹೋದ. ನಾನು ಹೊರಗೆ ಕಾರಿಡಾರಿನಲ್ಲಿ ಆ ಕಡೆಯಿಂದ ಈ ಕಡೆಗೆ ನಡೆಯುತ್ತಿದ್ದೆ. ಬಂದಾಗ ಅವನ ಕಣ್ಣು ಕೆಂಪಗಿತ್ತು, ಆದರೆ ಗುಂಡಿ ಸರಿಯಾಗಿ ಹಾಕಿದ್ದ. "ಬೇರೆ ಎಷ್ಟೋ ಜನಕ್ಕೆ ಐತಂತೆ ಅಕ್ಕ" ಅಂದ, ಯಾರೋ ಮೈಮೇಲಿನ ಮೂಟೆ ಇಳಿಸಿಕೊಟ್ಟಂತೆ. ರಕ್ತ ಪರೀಕ್ಷೆ, ಸ್ಕ್ಯಾನಿಂಗು ಎಲ್ಲ ಆಯಿತು. ರಕ್ತದಲ್ಲಿ ದೋಷವೇನೂ ಇರಲಿಲ್ಲ, ಎದೆಯ ಒಳಗೆ ಗಂಟು ಇತ್ತು, ಕೊಯ್ದೇ ತೆಗೆಯಬೇಕು ಅಂದರು. ಎರಡೂ ಕಡೆ ತಕ್ಕಡಿಯಲ್ಲಿ ತೂಗಿದ ಹಾಗೆ ಬರುತ್ತದೆ ಅಂತ ಮಾತು ಕೊಡಲ್ಲ ಅಂದರು. ಅವರು ಭರವಸೆ ಕೊಟ್ಟದ್ದಕ್ಕಿಂತ ಕೊಡದೇ ಇದ್ದದ್ದೇ ಹೆಚ್ಚು. ವಿಚಿತ್ರ ಅಂದರೆ ನನಗೆ ಅದರಿಂದಲೇ ಧೈರ್ಯ ಬಂತು.

ಶಿವರಾತ್ರಿ ಕಳೆದ ಮೇಲೆ ಆಪರೇಷನ್ ಆಯಿತು. ಅರಿವಳಿಕೆ ಕೊಡುವ ಡಾಕ್ಟರು ಮೊದಲೇ ಬಂದು ತಮ್ಮ ಹೆಸರು ಹೇಳಿ ಮಾತಾಡಿಸಿ ಹೋದರು. ದುರ್ಗೇಶನನ್ನು ಹೊಸದುರ್ಗದ ನನ್ನ ಕ್ವಾರ್ಟರ್ಸಿನಲ್ಲಿ ಇಟ್ಟುಕೊಂಡೆ. ಎದೆಗೆ ಬಿಗಿಯಾದ ಪಟ್ಟಿ, ಭಾರ ಎತ್ತುವ ಹಾಗಿಲ್ಲ. ಹಟ್ಟಿಗೆ ಏನು ಹೇಳುವುದು? ಕಾಮಾಲೆ ಅಂತ ಹೇಳಿಬಿಟ್ಟೆ. ಅವ್ವ ಎಲ್ಲಿಂದಲೋ ಕಹಿ ಸೊಪ್ಪು ಅರೆಸಿಕೊಂಡು ಬಂದು, ಮುಂದೆ ಕುಳಿತು, ಅವನು ಕುಡಿಯುವ ತನಕ ಏಳಲಿಲ್ಲ. ಇಲ್ಲದ ಕಾಯಿಲೆಗೆ ಅವನು ಕುಡಿದ ಕಷಾಯಕ್ಕೆ ಲೆಕ್ಕವಿಲ್ಲ. ಅವ್ವ ನನ್ನನ್ನು ಒಂದು ಥರ ನೋಡುತ್ತಿದ್ದಳು, ಏನೂ ಕೇಳಲಿಲ್ಲ.

ಎದೆ ಚಪ್ಪಟೆಯಾಯಿತು. ಗುರುತು ಉಳಿಯಿತು. ಡಾಕ್ಟರು ಹೇಳಿದ ಹಾಗೆಯೇ, ಅರ್ಧಚಂದ್ರದಂತೆ ಅಂಚಿನಲ್ಲಿ ಒಂದು ಗೆರೆ, ಕಣ್ಣಿಗೆ ಅಷ್ಟು ಕಾಣುವುದಿಲ್ಲ. ದೊಡ್ಡಪ್ಪನಿಗೆ ಕಣ್ಣು ಕಾಣಿಸುವುದಿಲ್ಲವಲ್ಲ ಅಂತ ನಾನು ಸಮಾಧಾನ ಮಾಡಿಕೊಂಡೆ. ದುರ್ಗೇಶ್ ನಕ್ಕ. "ದೊಡ್ಡಪ್ಪ ಯಾವತ್ತು ಕಣ್ಣಾಗೆ ನೋಡೈತೆ ಅಕ್ಕ? ಕತ್ತಲಾಗೂ ಕಿವಿ ಮುಟ್ಟಿ ಯಾರ ಕುರಿ ಅಂತ ಹೇಳ್ತದೆ."

ಆ ಸೋಮವಾರ ರಜೆ ಹಾಕಿ ಹೋದೆ. ಗುಡಿಯ ಮುಂದೆ ಹಟ್ಟಿಗೆ ಹಟ್ಟಿಯೇ ನೆರೆದಿತ್ತು. ದುರ್ಗಮ್ಮ ಅಂತ ಕರೆದವರೂ ಈಗ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದರು. ನಾನು ಅವ್ವನ ಪಕ್ಕ ಹೆಂಗಸರ ಗುಂಪಿನಲ್ಲಿದ್ದೆ. ಕಾಲು ನಿಲ್ಲುತ್ತಿರಲಿಲ್ಲ, ಅವ್ವ ಸೀರೆ ಸೆರಗು ಹಿಡಿದು ಎಳೆದಳು.

ದುರ್ಗೇಶ್ ಮಿಂದು ಬಂದು ಕಂಬಳಿಯ ಮೇಲೆ ನಿಂತ. ಹೆಗಲ ಮೇಲಿದ್ದ ಟವೆಲ್ ತೆಗೆದು ಪಕ್ಕದವರ ಕೈಗೆ ಕೊಟ್ಟ. ಅವನ ಬರಿಮೈಯನ್ನು ಹುಡುಗನಾಗಿದ್ದಾಗಿನಿಂದ ನಾನು ನೋಡಿರಲಿಲ್ಲ. ಯಾರೂ ನಗಲಿಲ್ಲ. ನಗಲು ಏನೂ ಇರಲಿಲ್ಲ.

ಕಾಟಯ್ಯ ದೊಡ್ಡಪ್ಪ ತಲೆ ಸವರಿದ, ಕಿವಿ ಹಿಡಿದ, ಕತ್ತು, ಭುಜ, ತೋಳು. ಕೈ ಎದೆಗೆ ಬಂತು. ಎಡಗಡೆ ಬೆರಳು ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಅದೇ ಜಾಗಕ್ಕೆ ಬಂತು. ಬಲಗಡೆಗೂ ಹೋಯಿತು. ಚಿಕ್ಕವನಿದ್ದಾಗ ಮುಳ್ಳು ಗೀರಿದ್ದು ಅಂತ ಹೇಳೋ ಅಂತ ಮನಸ್ಸಿನಲ್ಲೇ ಕೂಗಿಕೊಂಡೆ.

"ಏನಪ್ಪ ಇದು?" ಅಂದ ದೊಡ್ಡಪ್ಪ.

"ಕೊಯ್ಸಿದ್ದು ದೊಡ್ಡಪ್ಪ" ಅಂದ ದುರ್ಗೇಶ್. ಎಲ್ಲರಿಗೂ ಕೇಳಿಸುವ ಹಾಗೆ ಅಂದ.

"ಯಾತಕ್ಕೆ?"

"ಅಂಗಿ ಬಿಚ್ಚಾಕೆ."

ಹೆಗಲ ಮೇಲೆ ಮಕ್ಕಳನ್ನು ಕೂರಿಸಿಕೊಂಡಿದ್ದವರಲ್ಲಿ ಒಬ್ಬ ನೆಲ ನೋಡಿದ. ದೊಡ್ಡಪ್ಪನ ಕೈ ಇನ್ನೂ ಎದೆಯ ಮೇಲೇ ಇತ್ತು.

"ಯಾರ ಕೈ?"

"ಚೈತ್ರಾ ಅಂತ, ದುರ್ಗದ ಡಾಕ್ಟ್ರಮ್ಮ. ಮೊದ್ಲು ಮೈಯೆಲ್ಲ ನೋಡಿದ್ರು. ಗುರುತು ಉಳೀತೈತೆ ಅಂತ್ಲೂ ಮೊದ್ಲೇ ಹೇಳಿದ್ರು."

ದೊಡ್ಡಪ್ಪ ಬೆರಳ ತುದಿಯಿಂದ ಆ ಗೆರೆಯನ್ನು ಮತ್ತೊಮ್ಮೆ ನಿಧಾನವಾಗಿ ಸವರಿದ. "ಹದವಾಗಿ ಕೂಡೈತೆ" ಅಂದ. "ಒಳ್ಳೆ ಕೈ."

ಹಿಂದೆ ನಿಂತಿದ್ದ ಜುಂಜಯ್ಯ, ಹಟ್ಟಿಯ ಹಿರಿಯ, ಕೆಮ್ಮಿದ. "ಚಿಕ್ಕತಿಮ್ಮಪ್ಪನ್ನ ಇದಕ್ಕೇ ಇಳಿಸಿದ್ರಲ್ಲ ಕಾಟಯ್ಯ."

"ಅವನಿಗೆ ಕರಡಿ ಗೀರಿತ್ತು. ಕರಡಿ ಗೀರಿದ್ದು ಊನ. ದೇವ್ರಿಗೆ ಬಿಡೋ ಟಗರಿನ ಕಿವಿನ ನಾವೇ ಕೊಯ್ತೀವಲ್ಲ ಜುಂಜಯ್ಯ, ಅದನ್ನ ಊನ ಅಂದೋರ್ಯಾರು? ಅದು ಗುರುತು." ದೊಡ್ಡಪ್ಪ ಸೊಂಟ, ಮೊಣಕಾಲು, ಪಾದ ಮುಟ್ಟಿ ಎದ್ದು ನಿಂತ. "ಮೈ ಸೈ" ಅಂದ.

ಕಂಬಳಿ ಹೆಗಲಿಗೆ ಬಿತ್ತು. ತುಂಬಿದ ಕೊಡ ತಲೆಯ ಮೇಲೆ ಬಂತು, ಎರಡೂ ಕೈಯಿಂದ ಹಿಡಿದುಕೊಂಡ. ದುರ್ಗೇಶ್ ಗುಡಿಯ ಕಡೆಗೆ ನಡೆಯುವಾಗ ನೀರು ತುಳುಕಿ ಎದೆಯ ಮೇಲೆ ಇಳಿಯುತ್ತಿತ್ತು. ಒರೆಸಿಕೊಳ್ಳಲು ಅವನಿಗೆ ಕೈ ಇರಲಿಲ್ಲ, ಮುಚ್ಚಿಕೊಳ್ಳಲೂ ಇರಲಿಲ್ಲ. ನಾನು ಬಿಕ್ಕಿ ಬಿಕ್ಕಿ ಅತ್ತೆ.

ಅವ್ವ ನನ್ನ ತೋಳನ್ನು ಕಂದುವ ಹಾಗೆ ಚಿವುಟಿದಳು. "ಕಾಮಾಲೆ ಅಂತ ಹೇಳ್ದೆ ಅಲ್ವೇನೆ?"

"ತಪ್ಪಾಯ್ತವ್ವ. ನಿಂಗೆ ಗೊತ್ತಾಗೋದು ಅವನಿಗೆ ಬೇಡವಾಗಿತ್ತು."

"ನಂಗೆ ಗೊತ್ತಿರ್ಲಿಲ್ಲ ಅಂದ್ಕಂಡ್ರಾ ಇಬ್ರೂ?" ಅವ್ವ ಗುಡಿಯ ಕಡೆಯಿಂದ ಕಣ್ಣು ತೆಗೆಯಲಿಲ್ಲ. "ಶಾಲೆ ಬಿಟ್ಟಾಗಿಂದ ದಿನಾ ಎರಡು ಬನೀನು ಒಗೆದೋಳು ನಾನು."

ಮಾರನೇ ದಿನ ಬೆಳಿಗ್ಗೆ ನಾನು ಡ್ಯೂಟಿಗೆ ಹೊರಡುವಾಗ ಅವ್ವ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಳು. ಹಗ್ಗದ ಮೇಲೆ ಒಂದೇ ಬನಿಯನ್ ಇತ್ತು.